ಒಂದು ದಿನದ ಹಲ್ಲು

ದೇವಿಕೊಪ್ಪದ ಗುಡದಪ್ಪನ ಮನೆಯಲ್ಲಿ ಹೊಟ್ಟೆಕಿಚ್ಚು ಹೊತ್ತಿಕೊಂಡದ್ದು ಒಂದು ಹಲ್ಲಿನಿಂದ. ಆಸ್ತಿಗಲ್ಲ, ಬಂಗಾರಕ್ಕಲ್ಲ, ಬಾಯೊಳಗೆ ಮೂಲೆಯಲ್ಲಿ ಕೂತು ಯಾರ ಕಣ್ಣಿಗೂ ಬೀಳದ ಒಂದು ದವಡೆ ಹಲ್ಲಿಗೆ! ನಗು ಬಂದರೆ ನಗಿರಿ, ದುರ್ಗಾಳ ಮುಂದೆ ಮಾತ್ರ ನಗಬೇಡಿ.

ಹಲ್ಲು ಮಲ್ಲಿಕಾಳದು. ಮಲ್ಲಿಕಾ ಆ ಮನೆಯ ಸಣ್ಣ ಸೊಸೆ, ಲೈನ್‌ಮನ್ ಯಲ್ಲೇಶನ ಹೆಂಡತಿ. ಪಂಚಾಯತಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ. ದುರ್ಗಾ ದೊಡ್ಡ ಸೊಸೆ. ಅವಳ ಗಂಡ ಗುಡದಪ್ಪ ಹೊಲ ನೋಡುತ್ತಾನೆ, ಮಗಳು ಧಾರವಾಡದ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಇವರೆಲ್ಲರ ಮೇಲೆ ಅತ್ತೆ ರಾಮವ್ವ. ಮನೆಯ ಒಲೆ ಹದಿನೆಂಟು ವರ್ಷದಿಂದ ದುರ್ಗಾಳದು. ದಿನಾ ಬೆಳಿಗ್ಗೆ ಇಪ್ಪತ್ತೈದು ರೊಟ್ಟಿ, ಹೊಲದಲ್ಲಿ ಆಳಿದ್ದರೆ ನಲವತ್ತು.

ಮಲ್ಲಿಕಾ ಹುರಿಗಡಲೆಯಲ್ಲಿದ್ದ ಹರಳು ಕಡಿದು ಹಲ್ಲು ಸೀಳಿಕೊಂಡಳು. ಮರುದಿನವೇ ಯಲ್ಲೇಶ ಬೈಕಿನ ಮೇಲೆ ಕೂಡಿಸಿಕೊಂಡು ಹುಬ್ಬಳ್ಳಿಗೆ ಹೋದ. ಸಂಜೆ ಐದಕ್ಕೆ ಹೊಸ ಹಲ್ಲಿನ ಸಮೇತ ಮನೆಯಲ್ಲಿದ್ದಳು. ರಾತ್ರಿ ಊಟಕ್ಕೆ ಕೂತಾಗ ಅದೇ ಮಾತು.

"ಹನ್ನೊಂದಕ್ಕ ಕುರ್ಚಿ ಮ್ಯಾಲೆ ಕುಂದ್ರಿಸಿದ್ರು, ಎರಡಕ್ಕ ಎಬ್ಬಿಸಿದ್ರು ನೋಡ್ರಿ ಅತ್ತಿ," ಅಂದಳು ಮಲ್ಲಿಕಾ. "ಒಂದು ಸಣ್ಣ ಕ್ಯಾಮೆರಾ ಬಾಯಾಗಿಟ್ಟು ತಿರುವಿದ್ರು. ಟಿವಿ ಮ್ಯಾಲೆ ನನ್ನ ಹಲ್ಲೆಲ್ಲಾ ಬಂದ್ವು! ಸೀಳಿದ ಹಲ್ಲಿನ ಮ್ಯಾಲೆ ಕೂಡಿಸೂ ಟೊಪ್ಪಿಗಿದು ಅಲ್ಲೇ ಚಿತ್ರಾ ತಗದ್ರು. ಬಾಜೂಕ ಒಂದು ಗಾಜಿನ ಪೆಟ್ಟಿಗಿ. ಅದರಾಗ ಕಲ್ಲುಸಕ್ಕರಿಯಂಥಾ ಬಿಳೀ ತುಂಡು ಸಿಗಿಸಿದ್ರು. ನೀರು ಹೊಡಕೋಂತ, ಎರಡೂ ಕಡಿಂದ ಸೂಜಿ ಬಂದು, ನೋಡ್‌ನೋಡ್ತ ಹಲ್ಲು ಕೆತ್ತಿ ಇಟ್ಟಬಿಡ್ತು!"

"ಯವ್ವಾ! ಯಂತ್ರನ ಕೆತ್ತತೇತೇನು?" ರಾಮವ್ವ ಗದ್ದಕ್ಕೆ ಕೈ ಹಚ್ಚಿದಳು.

"ಯಂತ್ರನ ರಿ. ಆಮ್ಯಾಲೆ ಭಟ್ಟಿಯಾಗ ಸುಟ್ಟು, ಅಂಟು ಹಚ್ಚಿ ಕೂಡಿಸಿದ್ರು. ಮುಗೀತು. ಮತ್ತ ಹೋಗೂ ಹಂಗಿಲ್ಲ."

"ಇವತ್ತೊಂದಿನ ಗಟ್ಟಿದೇನೂ ತಿನ್ನಬ್ಯಾಡ ಅಂದಾರ ಯವ್ವಾ," ಎಂದು ಯಲ್ಲೇಶ ಸೇರಿಸಿದ.

"ಗೊತ್ತೈತೇಳೋ. ಅದಕ್ಕ ಸಜ್ಜಕ ಮಾಡೇನಿ." ರಾಮವ್ವ ತಾನೇ ಎದ್ದು ಹೋಗಿ ಬಟ್ಟಲು ತಂದಳು. ಗೋಧಿ ರವೆ, ಬೆಲ್ಲ, ಮೇಲೊಂದು ಚಮಚ ತುಪ್ಪ. ಮೊಣಕಾಲು ನೋವೆಂದು ನೀರಿನ ತಂಬಿಗೆಯನ್ನೂ ಕೂತಲ್ಲಿಗೇ ತರಿಸಿಕೊಳ್ಳುವ ರಾಮವ್ವ!

ದುರ್ಗಾ ಒಲೆಯ ಮುಂದೆ ಕೂತಿದ್ದಳು. ಆ ಬಟ್ಟಲು ಅಡುಗೆಮನೆಯಿಂದ ಪಡಸಾಲೆಗೆ ಹೋಗುವ ತನಕ ಅದನ್ನೇ ನೋಡಿದಳು. ಹೊಟ್ಟೆಯೊಳಗೆ ಯಾರೋ ಮೆಣಸಿನಕಾಯಿ ಅರೆದಂತಾಯಿತು.

ಯಾಕೆ ಅಂತೀರಾ? ದುರ್ಗಾಳ ಎಡಗಡೆ ಕೆಳದವಡೆಯಲ್ಲಿ ಒಂದು ಹಲ್ಲು ಇಲ್ಲ. ಎಂಟು ವರ್ಷದ ಹಿಂದೆ ಅದು ನೋಯತೊಡಗಿದಾಗ ಕಲಘಟಗಿಯ ಡಾಕ್ಟರು, ಬೇರು ಸ್ವಚ್ಛ ಮಾಡಿ ಟೊಪ್ಪಿಗೆ ಹಾಕಿದರೆ ಹಲ್ಲು ಉಳಿಯುತ್ತದೆ, ನಾಲ್ಕು ಸಲ ಬರಬೇಕಾಗುತ್ತದೆ ಅಂದಿದ್ದರು. ನಾಲ್ಕು ಸಲ! ಭತ್ತದ ಸುಗ್ಗಿ ಬೇರೆ. "ನಾಕ ದಿನಾ ಒಲಿ ಮುಂದ ಯಾರ ಕುಂದ್ರಬೇಕು? ಕೀಳಿಸಿಬಿಡು, ಒಂದ ದಿನದಾಗ ಪೀಡಾ ಹೋಗ್ತೈತಿ," ಅಂದಿದ್ದಳು ರಾಮವ್ವ. ದುರ್ಗಾ ಕೀಳಿಸಿದಳು. ಬಾಯಲ್ಲಿ ಅರಳೆ ಕಚ್ಚಿಕೊಂಡೇ ಟೆಂಪೋ ಹತ್ತಿ ಬಂದು, ಅದೇ ಸಂಜೆ ಭತ್ತ ಕೊಯ್ಯುವವರಿಗೆ ಮೂವತ್ತು ರೊಟ್ಟಿ ಬಡಿದಳು. ಅವತ್ತು ಯಾರೂ ಸಜ್ಜಕ ಮಾಡಲಿಲ್ಲ, ನೋಯುತ್ತದೆಯೇ ಅಂತಲೂ ಕೇಳಲಿಲ್ಲ. ರೊಕ್ಕಕ್ಕೇನೂ ಕೊರತೆ ಇರಲಿಲ್ಲ. ಎಮ್ಮೆ ಹಾಲಿನ ದುಡ್ಡು ಅವಳ ಕೈಗೇ ಬರುತ್ತಿತ್ತು. ಇಲ್ಲದ್ದು ದಿನ. ನಾಲ್ಕು ದಿನ ಸಿಗಲಿಲ್ಲವಾದ್ದರಿಂದ ಹಲ್ಲು ಹೋಯಿತು. ಈಗ ಒಂದೇ ದಿನದಲ್ಲಿ ಮುಗಿಯುವ ಕಾಲ ಬಂತು, ಬಂದದ್ದು ಮಲ್ಲಿಕಾಳ ಪಾಲಿಗೆ.

ಮರುದಿನದಿಂದ ದುರ್ಗಾ ರೊಟ್ಟಿಯನ್ನು ಹಂಚಿನ ಮೇಲಿಂದ ತೆಗೆದು ಕೆಂಡಕ್ಕೆ ಆನಿಸಿ ಒಣಗಿಸತೊಡಗಿದಳು. ಬಿಸಿ ಮೆತ್ತನೆಯ ರೊಟ್ಟಿ ಮನೆಯಿಂದ ಮಾಯವಾಯಿತು, ಮೂರೂ ಹೊತ್ತು ಕಡಕ್ ರೊಟ್ಟಿ. ಕೇಳಿದರೆ "ಮಳಿ ಹವಾ, ಮೆತ್ತಂದು ಬೂಸರ ಹಿಡೀತೈತಿ" ಎಂಬ ಉತ್ತರ. ಮಳೆ ಹೋಗಿ ಹದಿನೈದು ದಿನವಾಗಿತ್ತು! ಮನಸ್ಸಿನಲ್ಲಿದ್ದದ್ದೇ ಬೇರೆ. ಯಂತ್ರ ಕೆತ್ತಿದ ಹಲ್ಲು ಎಷ್ಟು ದಿನ ಬಾಳುತ್ತದೋ ನೋಡಿಯೇಬಿಡೋಣ ಅಂತ.

ಹಲ್ಲು ಬಾಳಿತು. ಮಲ್ಲಿಕಾ ಕಡಕ್ ರೊಟ್ಟಿಗೆ ಶೇಂಗಾ ಹಿಂಡಿ, ಮೊಸರು ಹಚ್ಚಿಕೊಂಡು ಕರುಂ ಕುರುಂ ಅಂತ ತಿನ್ನುವಳು. "ಏನೂ ಆಗೂದಿಲ್ಲ ಅಕ್ಕಾ, ಅಗದಿ ಗಟ್ಟಿ ಕುಂತೈತಿ," ಎಂದು ನಗುವಳು. ಸಾಯುವ ಪಾಡು ಬಂದದ್ದು ರಾಮವ್ವನಿಗೆ. ಇದ್ದ ಆರು ಹಲ್ಲಿನಲ್ಲಿ ಅವಳು ರೊಟ್ಟಿ ಮುರಿದು ಮಜ್ಜಿಗೆಯಲ್ಲಿ ನೆನೆಹಾಕಿ ಕಾಯುತ್ತ ಕೂರುವಳು.

ಮತ್ತೊಬ್ಬಳ ಪಾಡು ಯಾರಿಗೂ ಗೊತ್ತಾಗಲಿಲ್ಲ. ಒಂಬತ್ತನೆಯ ದಿನ ಎಲ್ಲರದೂ ಮುಗಿದ ಮೇಲೆ, ಎಂದಿನಂತೆ ಕಡೆಯವಳಾಗಿ ಊಟಕ್ಕೆ ಕೂತ ದುರ್ಗಾ ಬಲಗಡೆಗೆ ಒಂದು ತುಂಡು ರೊಟ್ಟಿ ಕಡಿದಳು. ಕಟ್ ಅಂತು. ಅಂದದ್ದು ರೊಟ್ಟಿಯಲ್ಲ. ಅಂಗೈಗೆ ಉಗುಳಿ ನೋಡಿದರೆ ಮೇಲ್ದವಡೆ ಹಲ್ಲಿನ ಕಾಲುಭಾಗ! ತಾನೇ ಬಡಿದು, ತಾನೇ ಒಣಗಿಸಿದ ರೊಟ್ಟಿ. ಯಾರ ಮುಂದೆ ಹೇಳುವುದು? ತುಂಡನ್ನು ಬೂದಿಯಲ್ಲಿ ಮುಚ್ಚಿ ಸುಮ್ಮನಾದಳು.

ಪಕ್ಕದ ಮನೆಯ ಶಮೀಮಾಬಿ ಹಾಲಿಗೆ ಬಂದಾಗ ಮಾತ್ರ ಸಿಕ್ಕಿಬಿದ್ದಳು.

"ಚಹಾಕ್ಕ ಉಫ್ ಉಫ್ ಅಂತ ಊದಾಕತ್ತೀಯಲ್ಲಬೇ, ಏನಾಗೇತಿ ಹಲ್ಲಿಗೆ?"

"ಏನಿಲ್ಲ."

"ಬಾಯಿ ತಗಿ ನೋಡೂಣು." ನೋಡಿದಳು. "ಯಾ ಅಲ್ಲಾ! ಎಡಕ್ಕ ಹಲ್ಲಿಲ್ಲ, ಬಲಕ್ಕ ಅರ್ಧಾ ಹಲ್ಲು. ಮತ್ತ್ಯಾವುದರಾಗ ತಿಂತೀ? ಹೋಗಿ ತೋರಸ್ಕೋ. ನಿಮ್ಮ ಮಲ್ಲಿಕಾ ಹೋದಲ್ಲೇ ಹೋಗು."

"ಆಕಿ ಹೋದಲ್ಲಿ ನಾ ಯಾಕ ಹೋಗ್ಲಿ?"

"ಹಂಗಾದ್ರ ಗಂಜಿ ಕುಡಕೋಂತ ಇರು," ಎಂದು ಶಮೀಮಾಬಿ ತಂಬಿಗೆ ಎತ್ತಿಕೊಂಡು ಹೋದಳು.

ಆ ರಾತ್ರಿ ಗಂಡನಿಗೆ ಹೇಳಿದಳು. ಗುಡದಪ್ಪ ಕೆಟ್ಟವನಲ್ಲ, ಆದರೆ ಹೆಂಡತಿಯ ಬಾಯನ್ನು ಹದಿನೆಂಟು ವರ್ಷದಲ್ಲಿ ಕೇಳಿದ್ದನೇ ಹೊರತು ನೋಡಿರಲಿಲ್ಲ. "ಗೋವಿನಜೋಳ ಮುರಿಯೂದು ಮುಗೀಲಿ, ಹೋಗೂಣಂತ," ಅಂದ.

"ಯಲ್ಲೇಶ ಮರುದಿನಾನ ಕರಕೊಂಡು ಹೋದ."

"ಅವಂಗ ರಜಾ ಸಿಗತಾವ. ಹೊಲಾ ರಜಾ ಕೊಡ್ತೈತೇನು?"

ದುರ್ಗಾ ಮುಖ ತಿರುಗಿಸಿ ಮಲಗಿದಳು. ಸಿಟ್ಟಿಗಿಂತ ದುಃಖವೇ ಹೆಚ್ಚಾಯಿತು.

ಸ್ಫೋಟವಾದದ್ದು ರವಿವಾರ ಮಧ್ಯಾಹ್ನ. ರಾಮವ್ವ ತಾಟನ್ನು ಹಿಂದಕ್ಕೆ ಸರಿಸಿ, "ಇವತ್ತರೆ ಎರಡು ಮೆತ್ತಗ ಬಡಿಯವಾ. ಹಲ್ಲಿಲ್ಲದಾಕಿ ನಾ," ಅಂದಳು.

"ಮೆತ್ತಂದು ಬೇಕಾದ್ರ ನಿಮ್ಮ ಸಣ್ಣ ಸೊಸಿ ಕಡೆ ಬಡಿಸ್ಕೊಳ್ರಿ!"

ಮಲ್ಲಿಕಾ ತಲೆ ಎತ್ತಿದಳು. "ನನ್ನ ಹೆಸರು ಯಾಕ ಬಂತ್ರಿ ಅಕ್ಕಾ?"

"ಯಾಕ ಬರಬಾರದು? ಒಲಿ ಅಂದ್ರ ನಿಂಗ ಗೊತ್ತೈತೇನು? ಬೆಳಿಗ್ಗೆ ಎದ್ದು ಬ್ಯಾಗ್ ಹಾಕ್ಕೊಂಡು ಹೊಂಟಿ ಅಂದ್ರ ಸಂಜಿಗೆ ಮನಿ. ಹಲ್ಲು ನೋಯ್ತು ಅಂದ್ರ ಬೈಕು, ಬಂದ್ರ ಸಜ್ಜಕ! ನಮಗ್ಯಾರು ಮಾಡ್ಯಾರ? ನಾವು ಈ ಮನಿಗೆ ರೊಟ್ಟಿ ಬಡಿಯಾಕ ಬಂದಾವ್ರು!"

"ನಾ ಬಡಿಯಂಗಿಲ್ಲ ಅಂತ ಎಂದ ಅಂದೇನ್ರಿ?" ಮಲ್ಲಿಕಾಳ ದನಿಯೂ ಏರಿತು. "ಲಗ್ನಾ ಆಗಿ ಬಂದ ಮೂರನೇ ದಿನಾ ಹಿಟ್ಟು ಮುಟ್ಟಿದ್ರ ಏನಂದ್ರಿ ನೀವು? 'ಸರಿ ಆಕಡೆ, ನಿಂದು ರೊಟ್ಟಿ ಅಲ್ಲ, ಭೂಪಟ' ಅಂದ್ರಿ. ಓಣಿ ಮಂದಿ ಮುಂದ ನಕ್ರಿ. ನಾಕ ವರ್ಷ ಆತು, ಒಲಿ ಮುಂದ ನನ್ನ ಎಂದ ಬಿಟ್ಟೀರಿ?"

ಮಲ್ಲಿಕಾ ಅಂದದ್ದು ನಿಜವೇ ಆಗಿತ್ತು. ತನ್ನಷ್ಟು ತೆಳ್ಳಗೆ, ದುಂಡಗೆ ರೊಟ್ಟಿ ಬಡಿಯುವವರು ಓಣಿಯಲ್ಲೇ ಇಲ್ಲ ಎಂಬುದೊಂದೇ ದುರ್ಗಾಳ ಆಸ್ತಿ. ಅದಕ್ಕೆ ಪಾಲುಗಾರ್ತಿ ಬೇಡವೆಂದು ಹಿಟ್ಟು ನಾದುವ ಪರಾತವನ್ನು ತಾನೇ ಕಸಿದುಕೊಂಡಿದ್ದಳು. ಸೋತರೂ ಸೋತೆ ಅನ್ನುವ ಪೈಕಿ ಅಲ್ಲ ದುರ್ಗಾ. ಅಲ್ಲಿಯೇ, ಹಿಟ್ಟು ಮೆತ್ತಿದ ಕೈಯಲ್ಲೇ ಹೇಳಿಬಿಟ್ಟಳು:

"ಕೇಳ್ರಿ ಎಲ್ಲಾರೂ. ಬುಧವಾರ ನಾ ಹುಬ್ಬಳ್ಳಿಗೆ ಹೊಂಟೇನಿ. ನನ್ನ ಹಲ್ಲೂ ಮುರದೈತಿ. ಅವತ್ತು ರೊಟ್ಟಿ ಇಲ್ಲ."

"ಬುಧವಾರ ಹತ್ತ ಮಂದಿ ಆಳ ಬರ್ತಾವಲೇ!" ಗುಡದಪ್ಪ ಗಾಬರಿಯಾದ.

"ಬರ್ಲಿ. ಅವಲಕ್ಕಿ ಕೊಡ್ರಿ."

ಶಮೀಮಾಬಿಯ ಮನೆಯಿಂದ ಫೋನು ಮಾಡಿದಳು. ಮಲ್ಲಿಕಾ ಟಿವಿಯ ಮೇಲೆ ಇಟ್ಟಿದ್ದ ದವಾಖಾನೆಯ ಕಾರ್ಡನ್ನು ಕೇಳದೇ ಎತ್ತಿಕೊಂಡಿದ್ದಳು. "ಒಂದ ದಿನದಾಗ ಆಗ್ತೈತೇನ್ರಿ? ಎರಡನೇ ಸಲಾ ಬರಾಕ ನಮಗ ಆಗೂದಿಲ್ಲ," ಎಂದು ಮೂರು ಸಲ ಕೇಳಿದಳು. ನೋಡಿ ಹೇಳುತ್ತೇವೆ, ಬೆಳಿಗ್ಗೆಯೇ ಬನ್ನಿ ಅಂದರು.

ಬುಧವಾರ ಆರೂವರೆಯ ಬಸ್ಸಿಗೆ ಹೊರಟಳು. ಕಿಟಕಿಯ ಬಳಿ ಕೂತು ಮನೆಯನ್ನು ನೆನೆದಳು. ತಣ್ಣಗೆ ಬಿದ್ದ ಒಲೆ, ಖಾಲಿ ಬುಟ್ಟಿ, ಹೊಲದಲ್ಲಿ ಅವಲಕ್ಕಿ ನೋಡಿ ಗೊಣಗುವ ಆಳುಗಳು, ತಲೆ ಕೆರೆದುಕೊಳ್ಳುವ ಗಂಡ, "ದುರ್ಗಾ ಇಲ್ಲದ ಮನಿ ಮನಿಯಲ್ಲಬೇ" ಅನ್ನುವ ಅತ್ತೆ. ಕಲಘಟಗಿ ದಾಟುವ ಹೊತ್ತಿಗೆ ಮನಸ್ಸು ಎಷ್ಟು ಹಗುರಾಯಿತೆಂದರೆ, ಎಂಟು ವರ್ಷದಲ್ಲಿ ಅಷ್ಟು ಖುಷಿ ಆಗಿರಲಿಲ್ಲ.

ಹಲ್ಲಿನ ಡಾಕ್ಟರು ಸಣ್ಣ ವಯಸ್ಸಿನ ಹುಡುಗಿ. ಬಾಯೊಳಗೆ ದೀಪ ಹಿಡಿದು ನೋಡಿದಳು, ಫೋಟೋ ತೆಗೆಸಿದಳು. "ಬರೋಬ್ಬರಿ ಟೈಮಿಗೆ ಬಂದೀರಿ ಅಕ್ಕಾರ. ನರ ಇನ್ನೂ ಚಲೋ ಐತಿ, ಇವತ್ತೇ ಟೊಪ್ಪಿಗಿ ಹಾಕಬಹುದು. ಇನ್ನೆರಡು ತಿಂಗಳು ಬಿಟ್ಟಿದ್ರ ಇದೂ ಹೋಗ್ತಿತ್ತು," ಅಂದಳು. ಆಮೇಲೆ ಎಡಗಡೆ ನೋಡಿ, "ಇದನ್ನ್ಯಾಕ ಕೀಳಿಸಿದ್ರಿ?" ಎಂದು ಕೇಳಿದಳು.

"ಸುಗ್ಗಿ ಇತ್ರಿ."

ಡಾಕ್ಟರಿಗೆ ಅರ್ಥವಾಗಲಿಲ್ಲ.

ಸೂಜಿ ಚುಚ್ಚಿದರು, ಹಲ್ಲು ಸವೆಸಿದರು, ಕ್ಯಾಮೆರಾ ತಿರುವಿದರು. ಮಲ್ಲಿಕಾ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಅದೂ ಒಂದು ಉರಿಯೇ. ಆಮೇಲೆ ಡಾಕ್ಟರು ಬಿಳಿಯಿಂದ ಹಳದಿಯವರೆಗೆ ಸಾಲಾಗಿ ಜೋಡಿಸಿದ ಮಾದರಿ ಹಲ್ಲುಗಳ ಪಟ್ಟಿ ತಂದು ಬಾಯಿಗೆ ಹಿಡಿದಳು. "ನಿಮ್ಮ ಬಾಜೂ ಹಲ್ಲಿನ ಬಣ್ಣಕ್ಕ ಇದು ಕೂಡತೈತಿ."

ದುರ್ಗಾ ಕನ್ನಡಿಯಲ್ಲಿ ನೋಡಿದಳು. ಚಹಾದ ಬಣ್ಣ. "ಮೂರು ವಾರದ ಹಿಂದ ದೇವಿಕೊಪ್ಪದ ಮಲ್ಲಿಕಾ ಅನ್ನಾಕಿ ಬಂದಿದ್ಲಲ್ಲರಿ, ಆಕೀಗೆ ಯಾವುದು ಹಾಕೀರಿ?"

"ಅದನ್ನ ಹೇಳಾಕ ಬರೂದಿಲ್ಲರಿ."

"ಬ್ಯಾಡ ಬಿಡ್ರಿ. ಎಲ್ಲಾಕ್ಕಿಂತ ಬೆಳ್ಳಂದು ಯಾವುದೈತಿ? ಅದನ್ನ ಹಾಕ್ರಿ."

"ಒಂದ ಹಲ್ಲು ಎದ್ದು ಕಾಣತೈತ್ರಿ ಅಕ್ಕಾರ!"

"ಕಾಣ್ಲಿ. ಕಾಣಬೇಕು."

ಡಾಕ್ಟರು ನಗು ತಡೆದುಕೊಂಡು ಎರಡು ಸಲ ಬುದ್ಧಿ ಹೇಳಿದಳು. ದುರ್ಗಾ ಕೇಳಬೇಕಲ್ಲ! ಕಡೆಗೆ ಗಾಜಿನ ಪೆಟ್ಟಿಗೆಯಲ್ಲಿ ಹಾಲಿನಂಥ ಬಿಳಿಯ ತುಂಡೇ ಸೇರಿತು. ದುರ್ಗಾ ಸ್ಟೂಲಿನ ಮೇಲೆ ಕೂತು ಯಂತ್ರ ಕೆತ್ತುವುದನ್ನು ಕಣ್ಣು ಮಿಟುಕಿಸದೇ ನೋಡಿದಳು. ಹತ್ತು ಹದಿನೈದು ನಿಮಿಷ. ಇಷ್ಟಕ್ಕಾಗಿ ಅಂದು ನಾಲ್ಕು ದಿನ ಬೇಕಿತ್ತಲ್ಲ ಅನ್ನಿಸಿ ಕಣ್ಣು ತುಂಬಿ ಬಂತು. ಔಷಧದ ವಾಸನೆಗೆ ಎಂದು ಸೆರಗಿನಿಂದ ಒರೆಸಿಕೊಂಡಳು.

ಮನೆ ಮುಟ್ಟಿದಾಗ ಐದಾಗಿತ್ತು. ಅಂಗಳದಲ್ಲಿ ನಿಂತು ಒಂದು ಗಳಿಗೆ ಕಿವಿಗೊಟ್ಟಳು. ಕೂಗಾಟವಿಲ್ಲ, ಗೋಳಾಟವಿಲ್ಲ. ಆಳುಗಳು ಚಹಾ ಕುಡಿದು ಹೊರಟಿದ್ದರು. ಅವರ ಪೈಕಿ ಮೈಲಾರವ್ವ ಎದುರಾಗಿ, "ಇವತ್ತಿನ ರೊಟ್ಟಿ ಭಾಳ ಮೆತ್ತಗಿದ್ವು ಬಿಡ್ರಿ. ಮೂರು ತಿಂದೆ," ಅಂದಳು.

"ಯಾವ ರೊಟ್ಟಿ?"

"ನಿಮ್ಮ ನೆಗೆಣ್ಣಿ, ಸಣ್ಣ ಸೊಸಿ ಬಡದ್ರಲ್ಲ!"

ಒಳಗೆ ಹೋದರೆ ಒಲೆಯಲ್ಲಿ ಇನ್ನೂ ಕೆಂಡವಿತ್ತು. ಬುಟ್ಟಿಯ ಮೇಲಿನ ಬಟ್ಟೆ ಎತ್ತಿ ನೋಡಿದಳು. ಹತ್ತು ಹನ್ನೆರಡು ರೊಟ್ಟಿ ಉಳಿದಿದ್ದವು. ದಪ್ಪ, ಸೊಟ್ಟ, ಅಲ್ಲಲ್ಲಿ ಸುಟ್ಟವು. ಆದರೂ ರೊಟ್ಟಿಯೇ. ಮಲ್ಲಿಕಾ ರಜೆ ಹಾಕಿ ನಲವತ್ತು ರೊಟ್ಟಿ ಬಡಿದಿದ್ದಳು! ಮನೆಯ ಕೆಲಸ ನಿಂತಿರಲಿಲ್ಲ. ಯಾರೂ ಉಪವಾಸ ಬಿದ್ದಿರಲಿಲ್ಲ. "ಮೆತ್ತಗ ನನ್ನ ಬಾಯಿಗೂ ಬಂದ್ವು. ಮಜ್ಜಿಗಿನ ಬೇಕಾಗಲಿಲ್ಲ," ಅಂದಳು ರಾಮವ್ವ. ಗುಡದಪ್ಪನೂ, "ಚಲೋ ಮಾಡಿದ್ಲು ಪಾಪ," ಎಂದು ಒಂದು ಮಾತು ಸೇರಿಸಿದ.

"ನೀ ಕುಂದ್ರು," ಎಂದು ರಾಮವ್ವ ಗೋಡೆ ಹಿಡಿದು ಎದ್ದು ಮುಚ್ಚಿಟ್ಟ ಬಟ್ಟಲು ತಂದಳು. ಸಜ್ಜಕ. ತುಪ್ಪ ಎರಡು ಚಮಚ.

ಎಂಟು ವರ್ಷ ಬಯಸಿದ ಸಜ್ಜಕ. ದುರ್ಗಾ ತಿಂದಳು. ನಾಲಗೆ ಇನ್ನೂ ಜೋಮು ಹಿಡಿದಿತ್ತೋ, ಕಣ್ಣು ರೊಟ್ಟಿಯ ಬುಟ್ಟಿಯ ಮೇಲಿತ್ತೋ, ರುಚಿ ಹತ್ತಲಿಲ್ಲ. ಹೊಸ ಹಲ್ಲು ಬಂತು, ದಿನ ಸಿಕ್ಕಿತು, ಸಜ್ಜಕವೂ ಸಿಕ್ಕಿತು. ಆದರೆ ಹೊಟ್ಟೆಯ ಉರಿ ಹಲ್ಲನ್ನು ಬಿಟ್ಟು ರೊಟ್ಟಿಯ ಬುಟ್ಟಿ ಹೊಕ್ಕಿತ್ತು. ಹಲ್ಲು ತೋರಿಸು ಎಂದು ಅವಳನ್ನು ಯಾರೂ ಕೇಳಲಿಲ್ಲ. ಅಷ್ಟು ಬಿಳಿಯ ಹಲ್ಲು, ಅಷ್ಟು ಹಿಂದೆ ಕೂತು, ನಕ್ಕರೂ ಕಾಣುತ್ತಿರಲಿಲ್ಲ. ನಗುವ ಮನಸ್ಸೂ ಇರಲಿಲ್ಲ ಬಿಡಿ.

ಮರುದಿನ ಬೆಳಿಗ್ಗೆ ದುರ್ಗಾಳಿಗೆ ಎಚ್ಚರವಾದದ್ದು ರೊಟ್ಟಿ ಬಡಿಯುವ ಸದ್ದಿಗೆ. ಹದಿನೆಂಟು ವರ್ಷದಲ್ಲಿ ಆ ಸದ್ದನ್ನು ಅವಳು ಹಾಸಿಗೆಯಲ್ಲಿ ಮಲಗಿ ಕೇಳಿದ್ದೇ ಇಲ್ಲ. ತಪ್ ತಪ್... ತಪ್. ಲಯವಿಲ್ಲದ ಸದ್ದು. ಎದ್ದು ದಡದಡ ಅಡುಗೆಮನೆಗೆ ಹೋದಳು.

"ಯಾಕ ಎದ್ರಿ ಅಕ್ಕಾ, ಇವತ್ತೊಂದಿನಾ ಮಲಗಬೇಕಿಲ್ಲ?" ಅಂದಳು ಮಲ್ಲಿಕಾ. ಪಕ್ಕದಲ್ಲಿ ರಾಮವ್ವ ಚಹಾದ ಕಪ್ಪು ಹಿಡಿದು ಕೂತಿದ್ದಳು.

"ಸರಿ ಆಕಡೆ," ಎಂದು ಬಗ್ಗಿದವಳು ನಿಂತಳು. ಮಲ್ಲಿಕಾಳ ಬಲಗೈಯ ನಾಲ್ಕು ಬೆರಳ ತುದಿಯಲ್ಲೂ ಬೊಬ್ಬೆ. ಅಂಗೈ ಕೆಂಪಾಗಿ ಊದಿಕೊಂಡಿತ್ತು. ಆ ಕೈಯಲ್ಲೇ ಹಿಟ್ಟು ತಟ್ಟುತ್ತಿದ್ದಳು.

"ಸುಟಗೊಂಡೀಯಲ್ಲ. ಹಂಚಿನ ಮ್ಯಾಲೆ ನೀರು ಸವರೂ ಮುಂದ ಅರಬಿ ತುಂಡು ಹಿಡಕೋಬೇಕು, ಗೊತ್ತಿಲ್ಲೇನು?"

"ಯಾರು ಹೇಳಿಕೊಟ್ಟಾರ್ರಿ?" ಅಂದವಳು ತಾನೇ ನಕ್ಕಳು. "ಇರಲಿ, ಹಲ್ಲು ತೋರಸ್ರಿ. ನಿನ್ನೆ ಕೇಳಬೇಕಂದೆ, ನಿಮ್ಮ ಮುಖಾ ನೋಡಿ ಅಂಜಿದೆ."

ದುರ್ಗಾ ಕಾದಿದ್ದಳೇನೋ ಎಂಬಂತೆ ಒಲೆಯ ಬೆಳಕಿಗೆ ಬಾಯಿ ಅಗಲಿಸಿದಳು. ಮಲ್ಲಿಕಾ ಫೋನಿನ ಟಾರ್ಚ್ ಹಚ್ಚಿ ಇಣುಕಿದಳು.

"ಯವ್ವಾ, ಎಷ್ಟು ಬೆಳ್ಳಗೈತ್ರಿ! ನನ್ನದು ಹಿಂಗಿಲ್ಲ. ನನಗ್ಯಾಕ ಇಂಥಾದ್ದು ಹಾಕಲಿಲ್ಲ ಆ ಡಾಕ್ಟರು?" ದನಿಯಲ್ಲಿ ಸಣ್ಣದೊಂದು ಸಂಕಟವಿತ್ತು. ನಿಜವಾದ ಹೊಟ್ಟೆಕಿಚ್ಚು!

ಆಹಾ! ಮೂರು ವಾರದ ಉರಿಗೆ ಒಂದು ಕೊಡ ತಣ್ಣೀರು ಸುರಿದಂತಾಯಿತು ದುರ್ಗಾಳಿಗೆ. "ಕೇಳಿ ಹಾಕಿಸ್ಕೋಬೇಕು," ಅಂದಳು ಬಾಯಿ ತೆರೆದೇ.

ಮಲ್ಲಿಕಾ ಬೆಳಕನ್ನು ಆಚೆಗೆ ತಿರುಗಿಸಿದಳು. "ಅಕ್ಕಾ, ಈ ಕಡೆ ಹಲ್ಲ ಇಲ್ಲಲ್ಲ? ಹಂಗಾದ್ರ ಇಷ್ಟು ವರ್ಷ ಒಂದ ಕಡೆ ತಿಂತಿದ್ರಿ? ಯಾರು ಕಿತ್ತಿದ್ರು ಇದನ್ನ?"

ದುರ್ಗಾ ಬಾಯಿ ಮುಚ್ಚಿದಳು. "ಆವಾಗ ಸುಗ್ಗಿ ಇತ್ತು," ಅಂದಳು.

ರಾಮವ್ವ ಕಪ್ಪನ್ನು ಕೆಳಗಿಟ್ಟಳು.

"ನಾನ ಕೀಳಿಸಿದ್ದು," ಅಂದಳು. "ಸುಗ್ಗಿ ಆಮ್ಯಾಲೆ ವರ್ಷಾವರ್ಷಾ ಬಂತು. ಹಲ್ಲು ಬರಲಿಲ್ಲ."

ಹೊರಗೆ ಎಮ್ಮೆ ಒದರಿತು. ಯಾರೂ ಏಳಲಿಲ್ಲ. ದುರ್ಗಾ ಮೂಗು ಒರೆಸಿಕೊಂಡು ಮಲ್ಲಿಕಾಳ ಪಕ್ಕಕ್ಕೆ ಕೂತು, ಪರಾತವನ್ನು ತನ್ನ ಕಡೆಗೆ ಎಳೆದುಕೊಳ್ಳದೆ ನಡುವಿಗೆ ಸರಿಸಿದಳು.

"ಕೈ ಹಿಂಗಿಡು. ಅಂಚು ದಪ್ಪಾಗಾಕತ್ತೇತಿ ನೋಡು, ನಡುವ ಬಡೀಬ್ಯಾಡ, ತಿರುವಿಕೋಂತ ಬಡಿ," ಅಂದಳು. ಎರಡು ರೊಟ್ಟಿ ಮಲ್ಲಿಕಾ ಬಡಿದಳು. ಮೂರನೆಯದು ದುಂಡಗಾಯಿತು. ಅಗದಿ ದುಂಡಗೆ!

ದುರ್ಗಾಳ ಹೊಟ್ಟೆಯಲ್ಲಿ ಚುರಕ್ ಅಂತು. ಆ ರೊಟ್ಟಿಯನ್ನು ಬುಟ್ಟಿಗೆ ಹಾಕುವಾಗ ಯಾರಿಗೂ ಕಾಣದಂತೆ ಎಲ್ಲಕ್ಕಿಂತ ಕೆಳಗೆ ಇಟ್ಟಳು. ಆಮೇಲೆ ಏನನ್ನಿಸಿತೋ, ಮತ್ತೆ ಎತ್ತಿ ಮೇಲಕ್ಕಿಟ್ಟಳು.